ಯಾರು ಯಾರ ಅನುಯಾಯಿ?

ಬಸವಣ್ಣನ ಅನುಯಾಯಿಗಳು ಕಲ್ಯಾಣದಿಂದ ದಿಕ್ಕುದಿಕ್ಕಿಗೆ ಚದುರಿದರು ಎನ್ನುತ್ತೇವೆ. ಗಾಂಧೀಜಿಯ ಅನುಯಾಯಿಗಳು ಖಾದಿ ತೊಟ್ಟರು ಎನ್ನುತ್ತೇವೆ. ಟಿಕೆಟ್ ತಪ್ಪಿದ ಶಾಸಕರ ಅನುಯಾಯಿಗಳು ನಡುರಸ್ತೆಯಲ್ಲಿ ಟೈರ್ ಸುಟ್ಟರು ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಪದ ಒಂದೇ, ಸಂಬಂಧ ಒಂದೇ ಅಲ್ಲ. ಮೊದಲನೆಯವರು ಪ್ರಾಣವನ್ನೇ ಪಣಕ್ಕಿಟ್ಟವರು. ಎರಡನೆಯವರು ಉಡುಗೆ ತೊಡುಗೆ, ಊಟ ತಿಂಡಿ ಬದಲಿಸಿಕೊಂಡವರು. ಮೂರನೆಯವರಲ್ಲಿ ಎಷ್ಟು ಮಂದಿ ಮುಂದಿನ ಚುನಾವಣೆಯವರೆಗೆ ಜೊತೆಗಿರುತ್ತಾರೆಂದು ಆ ಶಾಸಕರಿಗೇ ಖಾತ್ರಿ ಇರುವುದಿಲ್ಲ.

ಇಷ್ಟು ಸಡಿಲವಾದ ಪದದ ಮೇಲೆ ನಾವು ಭಾರಿ ಕಟ್ಟಡಗಳನ್ನೇ ಎಬ್ಬಿಸಿದ್ದೇವೆ. ಜನಗಣತಿಯ ಧರ್ಮವಾರು ಅಂಕಿಗಳು, ಮೀಸಲಾತಿಯ ಅರ್ಹತೆ, ದೇವಸ್ಥಾನದ ಆಡಳಿತದ ಹಕ್ಕು, ಶಾಸಕ ಸ್ಥಾನದ ಉಳಿವು ಅಳಿವು, ಎಲ್ಲವೂ ಕೊನೆಗೆ ‘ಇವರು ಯಾರ ಕಡೆಯವರು’ ಎಂಬ ಪ್ರಶ್ನೆಗೇ ಬಂದು ನಿಲ್ಲುತ್ತವೆ. ಅದಕ್ಕೆ ಉತ್ತರ ಹುಡುಕಲು ನಮ್ಮಲ್ಲಿ ನಾಲ್ಕು ಅಳತೆಗಳು ಚಾಲ್ತಿಯಲ್ಲಿವೆ: ಹುಟ್ಟು, ಹೇಳಿಕೆ, ಪಟ್ಟಿ, ನಡೆ. ಹುಟ್ಟಿದ ಮನೆಯಿಂದ ಬರುವುದು ಒಂದು. ಬಾಯಿಬಿಟ್ಟು ಹೇಳಿಕೊಳ್ಳುವುದು ಇನ್ನೊಂದು. ಸದಸ್ಯರ ಪಟ್ಟಿಯಲ್ಲಿ ಹೆಸರು ಬರೆಸುವುದು ಮತ್ತೊಂದು. ಹೇಳಿದ್ದನ್ನು ಪಾಲಿಸುವುದು ಕೊನೆಯದು. ಜಗಳ ಹುಟ್ಟುವುದು ಒಂದು ಅಳತೆಯಲ್ಲಿ ಅಳೆದದ್ದನ್ನು ಇನ್ನೊಂದರ ಹೆಸರಿನಲ್ಲಿ ಮಾರುವಾಗ.

ಒಕ್ಕಲು, ಶಿಷ್ಯ, ಗುಡ್ಡ

ಹಳೆ ಮೈಸೂರಿನ ಹಳ್ಳಿಗಳಲ್ಲಿ ‘ನೀವು ಯಾವ ದೇವರ ಒಕ್ಕಲು?’ ಎಂದು ಕೇಳುತ್ತಾರೆ. ಮಾದಪ್ಪನ ಒಕ್ಕಲು, ಸಿದ್ದಪ್ಪಾಜಿ ಒಕ್ಕಲು ಎಂದು ಉತ್ತರ ಬರುತ್ತದೆ. ಇಲ್ಲಿ ಲೆಕ್ಕಕ್ಕೆ ಸಿಗುವುದು ವ್ಯಕ್ತಿಯಲ್ಲ, ಮನೆ. ಮನೆದೇವರಿಗೆ ವರ್ಷಕ್ಕೊಮ್ಮೆ ಹೋಗಿ ಬರುವುದು, ಹರಕೆ ಒಪ್ಪಿಸುವುದು, ಮಗುವಿನ ಮುಡಿ ಕೊಡಿಸುವುದು ಮನೆತನದ ಕರ್ತವ್ಯ. ಮದುವೆಯಾಗಿ ಬಂದ ಸೊಸೆ ಗಂಡನ ಮನೆದೇವರ ಒಕ್ಕಲಾಗುತ್ತಾಳೆ. ಅವಳಿಗೆ ನಂಬಿಕೆ ಇದೆಯೇ ಎಂದು ಯಾರೂ ಕೇಳುವುದಿಲ್ಲ, ಕೇಳುವ ಅಗತ್ಯವೂ ಆ ವ್ಯವಸ್ಥೆಗೆ ಇಲ್ಲ. ಮಠಗಳಿಗೆ ನಡೆದುಕೊಳ್ಳುವ ಮನೆತನಗಳನ್ನು ಶಿಷ್ಯರು ಎಂದು ಕರೆಯುವಾಗಲೂ ಇದೇ ತರ್ಕ. ಆ ಶಿಷ್ಯರಲ್ಲಿ ಬಹುಪಾಲು ಜನ ಮಠದಲ್ಲಿ ಕುಳಿತು ಓದಿದವರಲ್ಲ. ಅಜ್ಜ ಮುತ್ತಜ್ಜನ ಕಾಲದಿಂದ ಕಾಣಿಕೆ ಒಪ್ಪಿಸಿ ಫಲಮಂತ್ರಾಕ್ಷತೆ ಪಡೆಯುತ್ತಾ ಬಂದವರು.

ಇದೇ ಪರಂಪರೆಗಳ ಒಳಗೆ ಹುಟ್ಟಷ್ಟೇ ಸಾಲದ ಇನ್ನೊಂದು ಪದರವೂ ಇದೆ. ಮಂಟೇಸ್ವಾಮಿಯ ನೀಲಗಾರರು, ಮಲೆ ಮಾದಪ್ಪನ ದೇವರಗುಡ್ಡರು ದೀಕ್ಷೆ ಪಡೆದವರು. ಕಥೆ ಹಾಡುವ, ಭಿಕ್ಷೆ ಎತ್ತುವ ಹಕ್ಕು, ಹೊಣೆ ಅವರದ್ದು. ಮೈಲಾರಲಿಂಗನ ಗೊರವರು ಕಂಬಳಿ ನಿಲುವಂಗಿ ತೊಟ್ಟು ಡಮರುಗ ಹಿಡಿದು ಹೊರಡುವುದೂ ಹೀಗೇ. ಲಿಂಗದೀಕ್ಷೆ ಪಡೆದವರು, ತಪ್ತಮುದ್ರೆ ಹಾಕಿಸಿಕೊಂಡವರು ಎಂಬ ಮಾತುಗಳೂ ಹುಟ್ಟಿಗೂ ದೀಕ್ಷೆಗೂ ನಡುವೆ ಇರುವ ಹೊಸ್ತಿಲನ್ನೇ ಗುರುತಿಸುತ್ತವೆ.

ಕಾಲದ ಮಿತಿ ಇರುವ ನಿಷ್ಠೆಯೂ ಉಂಟು. ಶಬರಿಮಲೆಗೆ ಮಾಲೆ ಹಾಕಿದವನು 41 ದಿನ ಮಾಂಸ, ಮದ್ಯ ಬಿಟ್ಟು ಕಪ್ಪು ಪಂಚೆ ಉಟ್ಟು ತಣ್ಣೀರು ಮೀಯುತ್ತಾನೆ. ಮನೆಯವರೂ ಊರವರೂ ಅವನನ್ನು ‘ಸ್ವಾಮಿ’ ಎಂದೇ ಕರೆಯುತ್ತಾರೆ. ಮಾಲೆ ತೆಗೆದ ಮೇಲೆ ಅವನು ಮತ್ತೆ ಮೊದಲಿನ ಮನುಷ್ಯ. ಇದನ್ನು ಸೋಗು ಎಂದು ಯಾರೂ ಅನ್ನುವುದಿಲ್ಲ. ವರ್ಷದಲ್ಲಿ ಒಂದೂವರೆ ತಿಂಗಳು ಗಟ್ಟಿಯಾಗಿ ಪಾಲಿಸುವುದನ್ನೂ ನಮ್ಮ ಸಮಾಜ ಪೂರ್ಣ ನಿಷ್ಠೆಯೆಂದೇ ಒಪ್ಪಿದೆ.

ಎರಡು ಕಡೆ ನಡೆದುಕೊಳ್ಳುವವರು

ಒಬ್ಬರಿಗೆ ಒಂದೇ ಕಡೆ ನಡೆದುಕೊಳ್ಳಬೇಕೆಂಬ ನಿಯಮವೂ ಈ ನೆಲದಲ್ಲಿ ಎಂದೂ ಕಟ್ಟುನಿಟ್ಟಾಗಿರಲಿಲ್ಲ. ಶಿಶುನಾಳದ ಷರೀಫರು (1819–1889) ಮುಸ್ಲಿಂ ಮನೆತನದವರು, ಅವರ ಗುರು ಕಳಸದ ಗೋವಿಂದ ಭಟ್ಟರು ಬ್ರಾಹ್ಮಣರು. ಷರೀಫರ ಗದ್ದುಗೆಗೆ ಇಂದಿಗೂ ಎರಡೂ ಕಡೆಯವರು ಹೋಗುತ್ತಾರೆ. ಸುರಪುರ ಸೀಮೆಯ ತಿಂಥಣಿ ಮೌನೇಶ್ವರ, ಬಾಬಾಬುಡನ್‌ಗಿರಿಯ ದರ್ಗಾ, ಸಾವಳಗಿಯ ಶಿವಲಿಂಗೇಶ್ವರರ ಮಠ, ಇವುಗಳಿಗೆ ನಡೆದುಕೊಳ್ಳುವವರನ್ನು ಒಂದೇ ಧರ್ಮದ ಪಟ್ಟಿಗೆ ಸೇರಿಸಲಾಗದು. ಉತ್ತರ ಕರ್ನಾಟಕದಲ್ಲಿ ಮುಸ್ಲಿಮರ ಮನೆಯೇ ಇಲ್ಲದ ಊರುಗಳಲ್ಲೂ ಮೊಹರಂ ನಡೆಯುತ್ತದೆ. ಅಲಾಯಿ ದೇವರು ಕೂರಿಸುವವರು, ಹರಕೆ ಹೊತ್ತು ಆ ದಿನಗಳ ಮಟ್ಟಿಗೆ ಫಕೀರರಾಗುವವರು ಹಿಂದೂ ಮನೆಯವರೇ.

ಇಂಥವರು ಲೆಕ್ಕದ ಪುಸ್ತಕಕ್ಕೆ ತೊಡಕು. 1911ರ ಜನಗಣತಿಯಲ್ಲಿ ಮುಂಬಯಿ ಪ್ರಾಂತ್ಯದ ಗುಜರಾತ್ ಭಾಗದ ಸುಮಾರು ಎರಡು ಲಕ್ಷ ಜನರನ್ನು ‘ಮಹಮ್ಮದೀಯ ಹಿಂದೂಗಳು’ ಎಂದು ಬರೆದುಕೊಳ್ಳಲಾಗಿತ್ತು. ಇಂಥ ಮಿಶ್ರ ಖಾನೆಯನ್ನು ಜನಗಣತಿಯ ಮೇಲಧಿಕಾರಿಗಳು ಮೆಚ್ಚಲಿಲ್ಲ. ಒಬ್ಬರಿಗೆ ಒಂದೇ ಧರ್ಮ ಎಂಬುದು ಎಣಿಸುವವರ ಅನುಕೂಲಕ್ಕೆ ಬಂದ ನಿಯಮ. ಜಪಾನಿನಲ್ಲಿ ಆ ನಿಯಮವಿಲ್ಲ, ಆದ್ದರಿಂದ ಅಲ್ಲಿ ವಿಚಿತ್ರವೊಂದು ಕಾಣುತ್ತದೆ. ಶಿಂಟೋ ದೇಗುಲಗಳೂ ಬೌದ್ಧ ಮಂದಿರಗಳೂ ತಮ್ಮ ತಮ್ಮ ಅನುಯಾಯಿಗಳ ಸಂಖ್ಯೆಯನ್ನು ಬೇರೆ ಬೇರೆಯಾಗಿ ಸರ್ಕಾರಕ್ಕೆ ಕೊಡುತ್ತವೆ. ಕೂಡಿದರೆ ಒಟ್ಟು 17–18 ಕೋಟಿ ದಾಟಿದ ವರ್ಷಗಳಿವೆ, ದೇಶದ ಜನಸಂಖ್ಯೆ ಮಾತ್ರ 13 ಕೋಟಿಗಿಂತ ಕಡಿಮೆ. ಮಗುವಿನ ಹೆಸರಿಗೆ ಶಿಂಟೋ ದೇಗುಲ, ಸಾವಿಗೆ ಬೌದ್ಧ ಮಂದಿರ ಎಂದು ನಡೆಯುವ ನಾಡಿನಲ್ಲಿ ಈ ಲೆಕ್ಕ ತಪ್ಪೂ ಅಲ್ಲ.

ಜನಗಣತಿಯ ಕಾಲಂ

ನಮ್ಮ ಜನಗಣತಿ ಹೇಳಿಕೆಯನ್ನು ನಂಬುತ್ತದೆ. ಮನೆಯವರು ಏನು ಹೇಳುತ್ತಾರೋ ಅದನ್ನೇ ಬರೆದುಕೊಳ್ಳಬೇಕು, ವಾದ ಮಾಡಬಾರದು ಎಂಬುದು ಗಣತಿದಾರರಿಗೆ ಇರುವ ಸೂಚನೆ. ಹಿಂದೂ, ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಜೈನ ಎಂಬ ಆರಕ್ಕೆ ಸಂಕೇತ ಸಂಖ್ಯೆಗಳಿದ್ದವು, ಉಳಿದವರ ಧರ್ಮದ ಹೆಸರನ್ನು ಪೂರ್ತಿ ಬರೆಯಬೇಕಿತ್ತು. 2011ರಲ್ಲಿ ಹಿಂದೂಗಳು ಶೇ 79.8, ಮುಸ್ಲಿಮರು ಶೇ 14.2, ಕ್ರೈಸ್ತರು ಶೇ 2.3 ಎಂದು ಲೆಕ್ಕ ಬಂತು. ಇತರ ಧರ್ಮಗಳೆಂದು ಬರೆಸಿದವರು ಸುಮಾರು 79 ಲಕ್ಷ. ಅದರಲ್ಲಿ 49 ಲಕ್ಷಕ್ಕೂ ಹೆಚ್ಚು ಜನ ಸರನಾ ಎಂದು ಬರೆಸಿದರು, ಬಹುಪಾಲು ಜಾರ್ಖಂಡಿನ ಆದಿವಾಸಿಗಳು. ಸರನಾಕ್ಕೆ ಪ್ರತ್ಯೇಕ ಸಂಕೇತ ಬೇಕೆಂದು ಜಾರ್ಖಂಡ್ ವಿಧಾನಸಭೆ 2020ರ ನವೆಂಬರಿನಲ್ಲಿ ನಿರ್ಣಯ ಅಂಗೀಕರಿಸಿತು. ಧರ್ಮ ತಿಳಿಸದವರು 28 ಲಕ್ಷಕ್ಕೂ ಹೆಚ್ಚು.

ಈ ಅಂಕಿಗಳು ಹೇಳುವುದು ಯಾರು ಯಾವ ಹೆಸರಿನಲ್ಲಿ ಗುರುತಿಸಿಕೊಂಡರು ಎಂಬುದನ್ನು ಮಾತ್ರ. ಎಷ್ಟು ಜನ ದೇವರನ್ನು ನಂಬುತ್ತಾರೆ, ಎಷ್ಟು ಜನ ಪೂಜೆ, ನಮಾಜು, ಪ್ರಾರ್ಥನೆ ಮಾಡುತ್ತಾರೆ ಎಂಬುದಕ್ಕೆ ಇವು ಸಾಕ್ಷಿಯಲ್ಲ. ಮನೆಯ ಯಜಮಾನ ಬಾಗಿಲಲ್ಲಿ ನಿಂತು ಕೊಟ್ಟ ಒಂದು ಉತ್ತರ ಅವನ ಹೆಂಡತಿ, ಸೊಸೆ, ಕಾಲೇಜಿಗೆ ಹೋಗುವ ಮಗನ ಹೆಸರಿಗೂ ಇಳಿದಿರುತ್ತದೆ. ಹೇಳಿಕೆಯ ಅಳತೆ ಹೀಗೆ ಸದ್ದಿಲ್ಲದೆ ಹುಟ್ಟಿನ ಅಳತೆಯಾಗಿ ತಿರುಗುತ್ತದೆ.

ಹೇಳಿಕೆಯನ್ನು ತಮಾಷೆಯಾಗಿಸಬಹುದು ಎಂಬುದನ್ನು ಇಂಗ್ಲೆಂಡ್ ಮತ್ತು ವೇಲ್ಸ್ 2001ರಲ್ಲಿ ಕಂಡವು. ‘ಸ್ಟಾರ್ ವಾರ್ಸ್’ ಸಿನಿಮಾದ ಯೋಧರ ಪಂಥವಾದ ಜೆಡೈ ತಮ್ಮ ಧರ್ಮವೆಂದು 3,90,000ಕ್ಕೂ ಹೆಚ್ಚು ಜನ ಬರೆದರು. ಜರ್ಮನಿಯಲ್ಲಿ ಹೇಳಿಕೆಗೆ ಬೆಲೆಯೇ ಇದೆ. ಚರ್ಚಿನ ಸದಸ್ಯರೆಂದು ದಾಖಲಾದವರು ಆದಾಯ ತೆರಿಗೆಯ ಶೇ 8 ಅಥವಾ 9ರಷ್ಟನ್ನು ಚರ್ಚ್ ತೆರಿಗೆಯಾಗಿ ಕೊಡಬೇಕು. ಬೇಡವೆಂದರೆ ಸರ್ಕಾರಿ ಕಚೇರಿಗೆ ಹೋಗಿ ಬಿಟ್ಟೆನೆಂದು ಬರೆದುಕೊಡಬೇಕು. ಬೆಲೆ ತೆರಬೇಕಾದ ಕಡೆ ಪಟ್ಟಿ ಕಿರಿದಾಗುತ್ತದೆ, ಲಾಭವಿರುವ ಕಡೆ ಹಿರಿದಾಗುತ್ತದೆ.

ಕರ್ನಾಟಕದಲ್ಲಿ ಇದು ದೂರದ ಮಾತಲ್ಲ. ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ 2025ರ ಸೆಪ್ಟೆಂಬರ್ 22ರಂದು ಶುರುವಾಗುವ ಮೊದಲೇ ಧರ್ಮದ ಕಾಲಂನಲ್ಲಿ ಏನು ಬರೆಸಬೇಕೆಂದು ಮಠಗಳೂ ಸಮುದಾಯ ಸಂಘಗಳೂ ಸಭೆ ಸೇರಿದವು, ಕರೆ ಕೊಟ್ಟವು. ಹಿಂದೂ ಎಂದು ಬರೆಸಿ, ಲಿಂಗಾಯತ ಎಂದು ಬರೆಸಿ, ವೀರಶೈವ–ಲಿಂಗಾಯತ ಎಂದು ಬರೆಸಿ ಎಂಬ ಬೇರೆ ಬೇರೆ ದನಿಗಳು ಎದ್ದವು. ಉತ್ತರ ಕೊಡುವವನು ವ್ಯಕ್ತಿ, ಉತ್ತರ ಬರೆದುಕೊಡಲು ನಿಂತವು ಸಂಘಟನೆಗಳು.

ನ್ಯಾಯಾಲಯದ ಮುಂದೆ

ಸಂವಿಧಾನದ 25 ಮತ್ತು 26ನೇ ವಿಧಿಗಳು ವ್ಯಕ್ತಿಗೂ ಧಾರ್ಮಿಕ ಪಂಗಡಕ್ಕೂ ಹಕ್ಕು ಕೊಟ್ಟಿವೆ. ಪಂಗಡವೆಂದರೆ ಯಾರು ಎಂಬ ಪ್ರಶ್ನೆಗೆ ಮೊದಲ ದೊಡ್ಡ ಉತ್ತರ ಬಂದದ್ದು ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ, 1954ರಲ್ಲಿ. ಮಧ್ವಾಚಾರ್ಯರ ಅನುಯಾಯಿಗಳು ಪಂಗಡವೇ ಹೌದು, ತಮ್ಮ ಧಾರ್ಮಿಕ ವಿಷಯಗಳನ್ನು ನಡೆಸಿಕೊಳ್ಳುವ ಹಕ್ಕು ಅವರಿಗಿದೆ ಎಂದಿತು ಸುಪ್ರೀಂ ಕೋರ್ಟ್. ಯಾವ ಆಚರಣೆ ಧರ್ಮಕ್ಕೆ ಅತ್ಯಗತ್ಯ ಎಂದು ಕೋರ್ಟುಗಳು ತೂಗಿ ನೋಡುವ ಪದ್ಧತಿ ಬೆಳೆದದ್ದೂ ಈ ತೀರ್ಪಿನಿಂದಲೇ.

ಆಮೇಲಿನ ತೀರ್ಪುಗಳನ್ನು ಸಾಲಾಗಿ ಇಟ್ಟರೆ ಒಂದು ಒಲವು ಕಾಣುತ್ತದೆ: ‘ನಾವು ಬೇರೆ’ ಎಂದವರ ಹೇಳಿಕೆಯನ್ನು ಕೋರ್ಟು ಸುಲಭವಾಗಿ ಒಪ್ಪಿಲ್ಲ. ಸ್ವಾಮಿನಾರಾಯಣ ಸತ್ಸಂಗಿಗಳು ತಾವು ಹಿಂದೂಗಳಲ್ಲ, ಆದ್ದರಿಂದ ಹರಿಜನರ ದೇವಸ್ಥಾನ ಪ್ರವೇಶದ ಕಾಯ್ದೆ ತಮ್ಮ ಮಂದಿರಗಳಿಗೆ ಅನ್ವಯಿಸದು ಎಂದು ವಾದಿಸಿದರು, 1966ರಲ್ಲಿ ಆ ವಾದ ಬಿದ್ದಿತು. ಆರೋವಿಲ್ ಪ್ರಕರಣದಲ್ಲಿ, 1980ರ ದಶಕದ ಆರಂಭದಲ್ಲಿ, ಶ್ರೀ ಅರವಿಂದರ ಅನುಯಾಯಿಗಳು ಧಾರ್ಮಿಕ ಪಂಗಡವಲ್ಲ ಎಂದಿತು ಬಹುಮತದ ತೀರ್ಪು. ಅದಕ್ಕೆ ಒಪ್ಪದೆ ಬೇರೆ ಅಭಿಪ್ರಾಯ ಬರೆದವರು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ, ಮುಂದೆ ಕರ್ನಾಟಕದ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿ ನಮಗೆ ಪರಿಚಿತರಾದವರು. ರಾಮಕೃಷ್ಣ ಮಿಷನ್ ತನ್ನ ಅನುಯಾಯಿಗಳು ಹಿಂದೂಗಳಿಗಿಂತ ಬೇರೆಯಾದ ಅಲ್ಪಸಂಖ್ಯಾತರು ಎಂದು ಹೇಳಿಕೊಂಡಿತ್ತು, 1995ರಲ್ಲಿ ಅದನ್ನೂ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಈ ಮೂರೂ ಕಡೆ ವಾದದ ಹಿಂದೆ ಒಂದು ಆಡಳಿತದ ಪ್ರಶ್ನೆ ಇತ್ತು: ಮಂದಿರದ ಬಾಗಿಲು ಯಾರಿಗೆ ತೆರೆಯಬೇಕು, ಸಂಸ್ಥೆಯನ್ನು ಯಾರು ನಡೆಸಬೇಕು, ಕಾಲೇಜಿನ ಮೇಲೆ ಸರ್ಕಾರದ ಹಿಡಿತ ಎಷ್ಟು.

1955ರ ಹಿಂದೂ ವಿವಾಹ ಕಾಯ್ದೆ ಇನ್ನೂ ವಿಶಾಲ. ವೀರಶೈವರು, ಲಿಂಗಾಯತರು, ಬ್ರಹ್ಮ, ಪ್ರಾರ್ಥನಾ, ಆರ್ಯ ಸಮಾಜಗಳ ಅನುಯಾಯಿಗಳನ್ನು ಹೆಸರು ಹಿಡಿದು ಒಳಗೆ ತಂದುಕೊಂಡು, ಮುಸ್ಲಿಂ, ಕ್ರೈಸ್ತ, ಪಾರ್ಸಿ, ಯಹೂದಿ ಅಲ್ಲದ ಬಹುತೇಕ ಎಲ್ಲರಿಗೂ ಅದು ಅನ್ವಯಿಸುತ್ತದೆ. ಏನನ್ನೂ ನಂಬದವನೂ ಹಿಂದೂ ಮನೆಯಲ್ಲಿ ಹುಟ್ಟಿದ್ದರೆ ಅದರ ವ್ಯಾಪ್ತಿಯೊಳಗೇ ಇದ್ದಾನೆ. 2018ರ ಮಾರ್ಚಿನಲ್ಲಿ ನಾಗಮೋಹನ ದಾಸ್ ಸಮಿತಿಯ ವರದಿಯನ್ನು ಒಪ್ಪಿ ಲಿಂಗಾಯತರಿಗೂ ಬಸವತತ್ವ ನಂಬುವ ವೀರಶೈವ ಲಿಂಗಾಯತರಿಗೂ ಪ್ರತ್ಯೇಕ ಧರ್ಮದ ಮಾನ್ಯತೆ ಕೊಡಬೇಕೆಂದು ರಾಜ್ಯ ಸಂಪುಟ ಶಿಫಾರಸು ಮಾಡಿದಾಗ ಬೇರೊಂದು ಅಳತೆ ಒಳಬಂತು: ತತ್ವವನ್ನು ನಂಬುವುದು. ಕೇಂದ್ರ ಆ ಶಿಫಾರಸನ್ನು ಒಪ್ಪಲಿಲ್ಲ. ಒಪ್ಪಿದ್ದರೂ, ಯಾರು ನಂಬುತ್ತಾರೆಂದು ತಹಶೀಲ್ದಾರರು ಹೇಗೆ ಪ್ರಮಾಣಪತ್ರ ಕೊಡಬೇಕಿತ್ತು?

ನಡೆಯನ್ನು ಪರೀಕ್ಷಿಸಿದ ತೀರ್ಪೂ ಇದೆ. ಪುದುಚೇರಿಯ ಮಹಿಳೆಯೊಬ್ಬರು ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಕೇಳಿದ್ದರು. ಅವರಿಗೆ ದೀಕ್ಷಾಸ್ನಾನವಾಗಿದೆ, ಚರ್ಚಿಗೆ ತಪ್ಪದೆ ಹೋಗುತ್ತಾರೆ, ಆದ್ದರಿಂದ ಮೀಸಲಾತಿಗಾಗಿ ಹಿಂದೂ ಎನ್ನುವುದು ಸಲ್ಲದು ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1950ರ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಹಿಂದೂಗಳಿಗೆ ಸೀಮಿತವಾಗಿತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿತು. ನಂಬಿಕೆಗೆ ಸವಲತ್ತನ್ನು ಗಂಟು ಹಾಕಿದ ಮೇಲೆ ಜನರ ನಡೆಯನ್ನು ಸರ್ಕಾರ ಇಣುಕಿ ನೋಡದೆ ಗತಿಯಿಲ್ಲ. ಅಂಬೇಡ್ಕರ್ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧ ಧರ್ಮ ಸ್ವೀಕರಿಸಿದಾಗ ಹುಟ್ಟಿನ ಅಳತೆಯನ್ನು ಬಹಿರಂಗವಾಗಿ ಕಳಚಿಟ್ಟರು. ಅಂದು ಅವರು ಬೋಧಿಸಿದ 22 ಪ್ರತಿಜ್ಞೆಗಳು ಹೇಳಿಕೆಯನ್ನೂ ನಡೆಯನ್ನೂ ಒಂದೇ ಉಸಿರಿನಲ್ಲಿ ಕೇಳುತ್ತವೆ. ಅವರ ಹಿಂದೆ ಹೋದವರು ಸವಲತ್ತಿನ ಪ್ರಶ್ನೆಗೆ ಉತ್ತರ ಸಿಗಲು 34 ವರ್ಷ ಕಾಯಬೇಕಾಯಿತು.

ಮಿಸ್ಡ್ ಕಾಲ್‌ನಿಂದ ವಿಪ್‌ವರೆಗೆ

ರಾಜಕೀಯದಲ್ಲಿ ಪಟ್ಟಿಯದೇ ಕಾರುಬಾರು. ಕಮ್ಯುನಿಸ್ಟ್ ಪಕ್ಷಗಳಲ್ಲಿ ಮೊದಲು ಅಭ್ಯರ್ಥಿ ಸದಸ್ಯ, ಆಮೇಲೆ ಪೂರ್ಣ ಸದಸ್ಯ. ವರ್ಷ ವರ್ಷ ನವೀಕರಣ, ಆದಾಯದಲ್ಲಿ ಲೆವಿ. ಇನ್ನೊಂದು ತುದಿಯಲ್ಲಿ, 2014ರ ಕೊನೆಗೆ ಬಿಜೆಪಿ ಮಿಸ್ಡ್ ಕಾಲ್ ಮೂಲಕ ಸದಸ್ಯತ್ವ ಅಭಿಯಾನ ಶುರುಮಾಡಿ, ಮುಂದೆ 10 ಕೋಟಿ ದಾಟಿದೆವು ಎಂದಿತು. ಎರಡೂ ಸದಸ್ಯತ್ವವೇ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ನಮ್ಮ ಆಡುಮಾತು ಈ ವಿಷಯದಲ್ಲಿ ಪಕ್ಷಗಳ ಕಚೇರಿಗಿಂತ ಚುರುಕು. ಕಾರ್ಯಕರ್ತ, ಬೆಂಬಲಿಗ, ಹಿಂಬಾಲಕ, ಬಣದವನು, ಪಟ್ಟಶಿಷ್ಯ, ಬಾಲಬಡುಕ ಎಂದು ಸಂಬಂಧದ ದರ್ಜೆಯನ್ನು ಅದು ಬಿಡಿಸಿ ಹೇಳುತ್ತದೆ. ಕಾರ್ಯಕರ್ತ ದುಡಿಯುತ್ತಾನೆ, ಬೆಂಬಲಿಗ ಮತ ಹಾಕುತ್ತಾನೆ, ಹಿಂಬಾಲಕ ಕಾರಿನ ಹಿಂದೆ ಓಡುತ್ತಾನೆ.

ಗೆದ್ದು ಬಂದವರನ್ನು ಹಿಡಿದಿಡಲು ಕಾನೂನೇ ಬೇಕಾಯಿತು. 1967ರಲ್ಲಿ ಹರಿಯಾಣದ ಶಾಸಕ ಗಯಾ ಲಾಲ್ ಹದಿನೈದು ದಿನದೊಳಗೆ ಮೂರು ಸಲ ಪಕ್ಷ ಬದಲಿಸಿ ‘ಆಯಾರಾಮ್ ಗಯಾರಾಮ್’ ಎಂಬ ಮಾತಿಗೆ ಕಾರಣರಾದರು. 1985ರಲ್ಲಿ ಸಂವಿಧಾನದ 52ನೇ ತಿದ್ದುಪಡಿ, ಪಕ್ಷ ಬಿಟ್ಟವರನ್ನೂ ವಿಪ್ ಮೀರಿದವರನ್ನೂ ಅನರ್ಹಗೊಳಿಸುವ ಹತ್ತನೇ ಅನುಸೂಚಿಯನ್ನು ತಂದಿತು. ಮೂರನೇ ಒಂದರಷ್ಟು ಮಂದಿ ಒಡೆದು ಹೋದರೆ ಇದ್ದ ವಿನಾಯಿತಿಯನ್ನು 2003ರಲ್ಲಿ ತೆಗೆದರು, ಮೂರನೇ ಎರಡರಷ್ಟು ಮಂದಿ ವಿಲೀನವಾದರೆ ಇರುವ ವಿನಾಯಿತಿ ಉಳಿಯಿತು. ಕರ್ನಾಟಕದಲ್ಲಿ 2019ರ ಜುಲೈನಲ್ಲಿ 17 ಶಾಸಕರು ಅನರ್ಹರಾದರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಮತ್ತೆ ಸ್ಪರ್ಧಿಸಲು ಅಡ್ಡಿಯಿಲ್ಲ ಎಂದಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆದು 12ರಲ್ಲಿ ಬಿಜೆಪಿ ಗೆದ್ದಿತು. ಗೆದ್ದವರಲ್ಲಿ ಹೆಚ್ಚಿನವರು ಅದೇ ಅನರ್ಹರು. ಗೋವಾದಲ್ಲಿ 2022ರ ಚುನಾವಣೆಗೆ ಮೊದಲು ಕಾಂಗ್ರೆಸ್ ಅಭ್ಯರ್ಥಿಗಳನ್ನು ದೇವಸ್ಥಾನ, ಶಿಲುಬೆ, ದರ್ಗಾಗಳ ಮುಂದೆ ನಿಲ್ಲಿಸಿ ಪಕ್ಷ ಬಿಡುವುದಿಲ್ಲವೆಂದು ಪ್ರಮಾಣ ಮಾಡಿಸಲಾಯಿತು. ಸೆಪ್ಟೆಂಬರಿನಲ್ಲಿ 11 ಶಾಸಕರ ಪೈಕಿ 8 ಮಂದಿ ಬಿಜೆಪಿ ಸೇರಿದರು. ಕಾನೂನೂ ಆಣೆಯೂ ದೇಹವನ್ನು ಸೀಟಿನಲ್ಲಿ ಕೂರಿಸಬಲ್ಲವು, ಅದೂ ಕೆಲಕಾಲ.

ಅಭಿಮಾನಿ ದೇವರು

ಸಿನಿಮಾ ಲೋಕದ ಪದ ಅಭಿಮಾನಿ. ಡಾ. ರಾಜ್‌ಕುಮಾರ್ ತಮ್ಮ ಪ್ರೇಕ್ಷಕರನ್ನು ‘ಅಭಿಮಾನಿ ದೇವರುಗಳು’ ಎಂದು ಕರೆದು ಇಡೀ ಸಂಬಂಧವನ್ನು ತಿರುಗಿಸಿಟ್ಟರು. ಆರಾಧಿಸುವವನೇ ದೇವರಾದ. ಆ ಗೌರವಕ್ಕೆ ತಕ್ಕಂತೆ ಎಲ್ಲರೂ ನಡೆದುಕೊಂಡರೆಂದು ಹೇಳಲಾಗದು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಬೆಂಗಳೂರಿನಲ್ಲಿ ಕಲ್ಲು ತೂರಾಟ, ಬೆಂಕಿ, ಗೋಲಿಬಾರ್ ನಡೆದು ಸಾವುಗಳೂ ಆದವು. ಅದೇ ದಿನ ರಾಜ್ ಕಣ್ಣುಗಳು ದಾನವಾಗಿದ್ದವು. 2021ರ ಅಕ್ಟೋಬರ್ 29ರಂದು ರಾಜ್ ಮಗ, ನಟ ಪುನೀತ್ ತೀರಿಕೊಂಡಾಗ ಅವರ ಕಣ್ಣುಗಳೂ ದಾನವಾದವು. ಆ ಬಳಿಕ ನೇತ್ರದಾನಕ್ಕೆ ಹೆಸರು ನೋಂದಾಯಿಸುವವರು ರಾಜ್ಯದುದ್ದಕ್ಕೂ ಸಾಲುಗಟ್ಟಿದರು. ಇಬ್ಬರ ಅಭಿಮಾನಿ ಬಳಗವೂ ಬಹುಮಟ್ಟಿಗೆ ಒಂದೇ. ಒಮ್ಮೆ ಅದು ಬಸ್ಸಿಗೆ ಕಲ್ಲು ಎಸೆಯಿತು, ಇನ್ನೊಮ್ಮೆ ನೆಚ್ಚಿನವರು ಮಾಡಿದ್ದನ್ನೇ ತಾನೂ ಮಾಡಿತು. ಹಿಂದೆ ಹೋಗುವುದು ಎಂಬ ಮಾತಿಗೆ ಎರಡನೆಯದು ಹೆಚ್ಚು ಹೊಂದುತ್ತದೆ.

ಪಥ್ಯ ಹಿಡಿಯುವವರು

ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಕ್ಷೇತ್ರ ವೈದ್ಯಕೀಯ. ಹೇಳಿದ ಮಾತ್ರೆಯನ್ನು ಹೇಳಿದಷ್ಟು ದಿನ ನುಂಗುವುದೂ ಒಂದು ಪಾಲನೆಯೇ. ಹಳಬರು ಅದನ್ನು ಪಥ್ಯ ಹಿಡಿಯುವುದು ಎಂದರು. ದೀರ್ಘಕಾಲದ ಕಾಯಿಲೆಗಳವರಲ್ಲಿ, ಅದೂ ಅಭಿವೃದ್ಧಿ ಹೊಂದಿದ ದೇಶಗಳಲ್ಲಿ, ಔಷಧವನ್ನು ಸರಿಯಾಗಿ ಪಾಲಿಸುವವರು ಸರಾಸರಿ ಅರ್ಧದಷ್ಟು ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2003ರ ವರದಿ ಹೇಳಿತು. ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಎರಡು ತಿಂಗಳಿಗೆ ಕೆಮ್ಮು ನಿಂತು ಮೈಗೂಡಿದ ಕೂಡಲೇ ಮಾತ್ರೆ ಬಿಡುವವರಿದ್ದಾರೆ. ಅವರಲ್ಲಿ ರೋಗಾಣು ಔಷಧಕ್ಕೆ ಬಗ್ಗದಂತಾಗುವ ಅಪಾಯವಿದೆ.

ರೋಗಿ ಮಾತು ಕೇಳಲಿಲ್ಲ ಎಂದು ಬೈದು ಕೈತೊಳೆದುಕೊಳ್ಳುವುದು ವೈದ್ಯರ ಹಳೆಯ ರೂಢಿ. ಈಗ ಆ ಶಾಸ್ತ್ರವೇ ಬದಲಾಗಿದೆ. ಔಷಧದ ಬೆಲೆ, ಆಸ್ಪತ್ರೆಯ ದೂರ, ಕೂಲಿ ತಪ್ಪುವ ಚಿಂತೆ, ಅಡ್ಡಪರಿಣಾಮ, ಯಾಕೆ ನುಂಗಬೇಕೆಂದು ಯಾರೂ ತಿಳಿಸಿ ಹೇಳದಿರುವುದು, ಇವೆಲ್ಲ ಕಾರಣಗಳೆಂದು ಅದು ಒಪ್ಪಿದೆ. ಅಪ್ಪಣೆ ಪಾಲಿಸುವುದಕ್ಕೂ ಒಪ್ಪಿ ಪಾಲಿಸುವುದಕ್ಕೂ ವ್ಯತ್ಯಾಸವಿದೆ ಎಂದು ಅದು ಕಲಿತಿದೆ. ಧರ್ಮ, ರಾಜಕೀಯಗಳೂ ಈ ಪಾಠ ಕಲಿತರೆ ಒಳ್ಳೆಯದು.

ತೀರ್ಮಾನ

ನಾಲ್ಕು ಅಳತೆಗಳಿಗೂ ತಮ್ಮ ತಮ್ಮ ಜಾಗವಿದೆ. ಹುಟ್ಟು ಬಂಧುಬಳಗದ ಲೆಕ್ಕಕ್ಕೆ, ಜಾತ್ರೆ ಹರಕೆಯ ಹೊಣೆ ಹಂಚಲು ಸಾಕು. ನಂಬಿಕೆಗೆ ಅದು ಪುರಾವೆಯಲ್ಲ. ಪಟ್ಟಿ ಸಂಘಟನೆಯ ವಂತಿಗೆಗೆ ಸಾಕು, ಜನಬೆಂಬಲ ತೋರಿಸಲು ಸಾಲದು. ‘ನಮ್ಮ ಹಿಂದೆ ಇಷ್ಟು ಲಕ್ಷ ಜನರಿದ್ದಾರೆ’ ಎಂದು ಮಠಾಧೀಶರೋ ನಾಯಕರೋ ಹೇಳಿದಾಗ, ಯಾವ ಅಳತೆಯಲ್ಲಿ ಎಂದು ಕೇಳುವ ಹಕ್ಕು ನಮಗಿದೆ. ಎಷ್ಟೋ ಸಲ ಅದು ಜಾತಿ ಲೆಕ್ಕವೋ ಊಹೆಯೋ ಆಗಿರುತ್ತದೆ. ಸರ್ಕಾರಕ್ಕೆ ಇರಬೇಕಾದದ್ದು ಹೇಳಿಕೆಯ ಅಳತೆ ಒಂದೇ. ವಯಸ್ಕ ವ್ಯಕ್ತಿ ತನ್ನ ಬಗ್ಗೆ ಏನು ಹೇಳಿಕೊಳ್ಳುತ್ತಾನೋ ಅದನ್ನು ಬರೆದುಕೊಂಡು ಸುಮ್ಮನಾಗುವುದು ಅದರ ಕೆಲಸ. ಹೇಳಿಕೆಗೆ ಸವಲತ್ತನ್ನು ಕಟ್ಟಿದಾಗ ಮೋಸವೂ ಬರುತ್ತದೆ, ಇಣುಕುವಿಕೆಯೂ ಬರುತ್ತದೆ. ಅಲ್ಲಿ ತಿದ್ದಬೇಕಾದದ್ದು ಆ ಗಂಟನ್ನು. ನಡೆಯ ಅಳತೆ ಎಲ್ಲಕ್ಕಿಂತ ಕಠಿಣ, ಎಲ್ಲಕ್ಕಿಂತ ನಿಜ. ಅದಕ್ಕೇ ಅದನ್ನು ಪರರ ಮೇಲೆ ಪ್ರಯೋಗಿಸಬಾರದು. ಬಸವಣ್ಣನ, ಬುದ್ಧನ, ಗಾಂಧಿಯ ಅನುಯಾಯಿ ನಾನು ಎನ್ನುವವರು ತಮ್ಮನ್ನು ತಾವು ಅಳೆದುಕೊಳ್ಳಲಿ.

2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡ ಜನಗಣತಿಯಲ್ಲಿ ಗಣತಿದಾರರು ಧರ್ಮದ ಪ್ರಶ್ನೆ ಕೇಳಿದಾಗ ಮನೆಯ ಹಿರಿಯರು ಎಲ್ಲರ ಪರವಾಗಿ ಒಂದೇ ಉತ್ತರ ಒಪ್ಪಿಸಿ ಕಳಿಸದಿರಲಿ. ಹೆಂಡತಿಯನ್ನು, ಸೊಸೆಯನ್ನು, ಬೆಳೆದ ಮಕ್ಕಳನ್ನು ಕರೆದು ‘ನಿನ್ನದು ಏನು ಬರೆಸಲಿ?’ ಎಂದು ಕೇಳಲಿ. ಉತ್ತರ ಎಲ್ಲರದೂ ಒಂದೇ ಬಂದರೂ ಸರಿ, ಕೇಳಿ ಬರೆಸಿದ ಮೇಲೆ ಅದು ಅವರವರ ಉತ್ತರವಾಗಿರುತ್ತದೆ.